ನೆಲ ಏರಿತೋ, ತೊಲೆ ಇಳಿಯಿತೋ

ಮೇಲಿದ್ದದ್ದು ಯಾವುದೇ ಇರಲಿ, ಒಂದು ದಿನ ಕೆಳಗೆ ಬರಲೇಬೇಕು. ಸಾಮ್ರಾಜ್ಯವಾಗಲಿ, ಸಿರಿತನವಾಗಲಿ, ಮನುಷ್ಯನ ಹೆಸರಾಗಲಿ ಈ ನಿಯಮಕ್ಕೆ ಹೊರತಲ್ಲ. ನಮ್ಮ ಮನೆಯಲ್ಲಿ ಈ ಮಹಾಸತ್ಯ ಮೊದಲು ಬಂದು ಬಿದ್ದದ್ದು ಬೇಳೆ ಸಾರಿನ ಬೋಗುಣಿಗೆ. ಹೆಬ್ಬೆರಳು ಗಾತ್ರದ ಮಣ್ಣಿನ ಹೆಂಟೆಯೊಂದು ಮಾಳಿಗೆಯಿಂದ ಕಳಚಿಕೊಂಡು ನೆಟ್ಟಗೆ ಬೋಗುಣಿಯ ನಡುವಿಗೆ ಇಳಿಯಿತು. ಸಾರು ಅಪ್ಪನ ಬಿಳಿ ಅಂಗಿಗೆ ಸಿಡಿಯಿತು. ಅಪ್ಪ ರೊಟ್ಟಿಯ ತುತ್ತನ್ನು ಕೈಯಲ್ಲೇ ಹಿಡಿದು, ಮೇಲೆ ನೋಡಿ, ಕೆಳಗೆ ನೋಡಿ, ಸಾಲೆಯಲ್ಲಿ ಹುಡುಗರಿಗೆ ಹೇಳುವ ದನಿಯಲ್ಲೇ, "ಗುರುತ್ವಾಕರ್ಷಣೆ" ಎಂದ. ಆಯಿ, ಅಂದರೆ ಅಪ್ಪನ ತಾಯಿ, ರೊಟ್ಟಿ ಬುಟ್ಟಿಯ ಮೇಲೆ ಸೆರಗು ಹರಡಿದಳು.

"ಬಿದ್ದದ್ದಕ್ಕ ಹೆಸರಿಟ್ರ ಅದೇನು ಎದ್ದು ಹೊಳ್ಳಿ ಮ್ಯಾಲ ಹೋಗ್ತೈತೇನು? ಅಂಗಿ ಕಳದು ಕೊಡು, ಅಕಿ ನೆನಿ ಹಾಕ್ತಾಳ."

ಅಕಿ ಎಂದರೆ ನನ್ನ ಅವ್ವ. ಅವಳು ಆಗಲೇ ಸೌಟಿನಿಂದ ಹೆಂಟೆಯನ್ನು ಎತ್ತಿ ಎಮ್ಮೆಯ ಕಡೆಗೆ ಎಸೆದು, ಉಳಿದ ಸಾರನ್ನು ಸೋಸಿ ಮತ್ತೆ ಬಡಿಸತೊಡಗಿದ್ದಳು. ಆಯಿಯ ಗಂಡ ಮುತ್ಯಾ ಮಾತ್ರ ಏನೂ ಆಗಿಲ್ಲವೆಂಬಂತೆ ಪುಂಡಿಪಲ್ಯ ಕಲಸುತ್ತಿದ್ದ. ಮನೆಯ ಯಜಮಾನ ಅವನು, ಮಾಳಿಗೆಯೂ ಅವನದು. ತನ್ನ ಮಾಳಿಗೆ ಸಾರಿಗೆ ಬೀಳುತ್ತದೆಂದು ಒಪ್ಪಿಕೊಳ್ಳುವುದು ಅವನ ಘನತೆಗೆ ಸಲ್ಲುತ್ತಿರಲಿಲ್ಲ.

ಮನೆ ಇದ್ದದ್ದು ಕಮತಗಿಯಲ್ಲಿ. ಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ನಡುವೆ ಪಡಸಾಲೆ, ಅದರ ಒಂದು ಮಗ್ಗುಲಿಗೆ ಅಡುಗೆಮನೆ, ಇನ್ನೊಂದು ಮಗ್ಗುಲಿಗೆ, ಒಂದು ಮೆಟ್ಟಿಲು ತಗ್ಗಿನಲ್ಲಿ, ಎಮ್ಮೆ. ಊಟ, ಜಗಳ, ಲಿಂಗಪೂಜೆ, ಪಾಠ, ಬಂದವರಿಗೆ ಚಹಾ, ಎಲ್ಲವೂ ಪಡಸಾಲೆಯಲ್ಲೇ ನಡೆಯಬೇಕು. ಪಡಸಾಲೆಯನ್ನು ಅಡ್ಡ ಹಾಯ್ದು ಒಂದೇ ಒಂದು ತೊಲೆ, ಬೇವಿನದು, ನನ್ನ ಎರಡು ತೋಳಿಗೆ ತಬ್ಬಲು ಸಿಗದಷ್ಟು ದಪ್ಪ. ಎರಡೂ ತುದಿಗೆ ಒಂದೊಂದು ಕಂಬ. ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಹಲಗೆ ಚೂರು ಮತ್ತು ತೊಗರಿ ಕಟ್ಟಿಗೆ, ಅದರ ಮೇಲೆ ಮಣ್ಣು. ತೊಲೆಯ ನಡುಮಧ್ಯಕ್ಕೆ ಅಂಟಿಕೊಂಡಂತೆ ಮಾಳಿಗೆಯಲ್ಲಿ ಒಂದು ಮೊಳದ ಚೌಕಾಕಾರದ ಬೆಳಕಿಂಡಿ. ಬಿಸಿಲಿದ್ದಾಗ ಅದರೊಳಗಿಂದ ಬೆಳಕು ಇಳಿದು ನೆಲದ ಮೇಲೆ ಮೆಲ್ಲಗೆ ತೆವಳುತ್ತಿತ್ತು; ಅದು ಒಲೆಯ ಕಡೆಯ ಗೋಡೆ ಮುಟ್ಟಿದರೆ ಅವ್ವ ರೊಟ್ಟಿಗೆ ಕೂಡುತ್ತಿದ್ದಳು. ಮಳೆ ಬಂದಾಗ ಅದರ ಮೇಲೊಂದು ತಗಡು ಮುಚ್ಚಿ ಕಲ್ಲು ಹೇರುತ್ತಿದ್ದರು. ಬೆಳಕಿಂಡಿಯ ಕೆಳಗೆ, ತೊಲೆಯ ನಟ್ಟನಡುವೆ, ಮುತ್ಯಾನ ಹೊರಸು, ಹಗ್ಗದ ಮಂಚ. ಅವನು ಅಲ್ಲೇ ಮಲಗುತ್ತಿದ್ದ, ಅಲ್ಲೇ ಕೂತು ನ್ಯಾಯ ಹೇಳುತ್ತಿದ್ದ, ಅಲ್ಲಿಂದಲೇ ಮನೆಯವರನ್ನೆಲ್ಲ ಬೈಯುತ್ತಿದ್ದ. ಆ ಹೊರಸನ್ನು ಕಸ ಗುಡಿಸಲಿಕ್ಕೂ ಸರಿಸುವ ಹಾಗಿರಲಿಲ್ಲ.

ತೊಲೆ ಹುನಗುಂದದ ಕಡೆಯಿಂದ ಬಂದದ್ದು. ಮುತ್ಯಾ ಹರೆಯದವನಿದ್ದಾಗ ಅವನೂ ಅವನ ತಂದೆಯೂ ಸೇರಿ ಎತ್ತು ಕಟ್ಟಿ ಎಳೆದು ತಂದಿದ್ದರು. ನಾನು ಮೊದಲು ಈ ಕತೆ ಕೇಳಿದಾಗ ಆರು ಎತ್ತು ಇದ್ದವು. ಸಾಲೆಗೆ ಸೇರುವ ಹೊತ್ತಿಗೆ ಎಂಟಾದವು. ನಾನು ಈಗ ಹೇಳುತ್ತಿರುವ ವರ್ಷ, ನನಗೆ ಹತ್ತು ತುಂಬಿದಾಗ, ಹನ್ನೆರಡು ಎತ್ತು ಮೂರು ದಿನ ಎಳೆದಿದ್ದವು. ಎತ್ತು ಹೆಚ್ಚಾದ ಹಾಗೆ ಮಾಳಿಗೆಯ ಮಣ್ಣೂ ಹೆಚ್ಚುತ್ತಿತ್ತು. ಮಣ್ಣಿನ ಮಾಳಿಗೆ ಮಳೆಗೆ ಸೋರುತ್ತದೆ. ಸೋರದಿರಲೆಂದು ಪ್ರತಿ ಬೇಸಿಗೆಯ ಕೊನೆಗೆ ಅದರ ಮೇಲೆ ಸವಳು ಹಾಕಬೇಕು. ಸವಳು ಎಂದರೆ ಬಿಳಿಚಿದ ಉಪ್ಪು ಮಣ್ಣು, ನೀರು ಬಿದ್ದರೆ ಬಿಗಿದುಕೊಂಡು ಒಳಗೆ ಇಳಿಯಗೊಡುವುದಿಲ್ಲ. ಓಣಿಯ ಉಳಿದ ಮನೆಯವರು ಹಳೆಯ ಸವಳು ಕೆರೆದು ತೆಗೆದು ಹೊಸದು ಹಾಕುತ್ತಿದ್ದರು. ಮುತ್ಯಾ ಕೆರೆಯುತ್ತಿರಲಿಲ್ಲ. ಕೆಳಗಿನ ಪದರ ಅವನ ತಂದೆ ತಲೆಯ ಮೇಲೆ ಹೊತ್ತು ತಂದು ಹಾಕಿದ ಮಣ್ಣು.

"ನಮ್ಮಪ್ಪ ಹೊತ್ತ ಮಣ್ಣನ್ನ ನಾ ತಿಪ್ಪಿಗೆ ಹಾಕ್ಲೇನು?" ಎನ್ನುತ್ತಿದ್ದ. ಹೀಗಾಗಿ ಪ್ರತಿ ವರ್ಷ ಹಳೆಯದರ ಮೇಲೆ ಹೊಸದು ಬೀಳುತ್ತಿತ್ತು. ಸವಳು ಹಾಕುವ ದಿನ ಮೊದಲ ಬುಟ್ಟಿಗೆ ವಿಭೂತಿ ಹಚ್ಚಿ, ಮುತ್ಯಾ ತಾನೇ ಅದನ್ನು ಹೊತ್ತು ಏಣಿ ಏರುತ್ತಿದ್ದ. ಅವ್ವ ಗೋದಿ ಬೆಲ್ಲದ ಮಾದಲಿ ಮಾಡುತ್ತಿದ್ದಳು, ತುಪ್ಪ ಧಾರಾಳ. ಮನೆಯ ಮೇಲೆ ಭಾರ ಏರಿದ ದಿನ ನಾವು ಹಬ್ಬ ಮಾಡಿ ಉಣ್ಣುತ್ತಿದ್ದೆವು.

ಈ ಮನೆಯಲ್ಲಿ ಅಪ್ಪ ಭೌತಶಾಸ್ತ್ರದ ಮಾಸ್ತರನಾಗಿದ್ದ. ಊರ ಹೈಸ್ಕೂಲಿನಲ್ಲಿ ಅವನ ದನಿ ಕೇಳಿ ಹುಡುಗರು ಬೆಂಚಿನ ಕೆಳಗೆ ಅಡಗುತ್ತಿದ್ದರಂತೆ. ಮನೆಯಲ್ಲಿ ಅವನು ತನ್ನ ತಂದೆಗೆ ಹೇಳಬೇಕಾದುದನ್ನೆಲ್ಲ ಗೋಡೆಗೆ ಹೇಳುತ್ತಿದ್ದ, ಇಲ್ಲವೆ ನನಗೆ. ಚಲನೆಯ ಮೂರೂ ನಿಯಮಗಳನ್ನು ನಾನು ಕಲಿತದ್ದು ಹಾಗೆ. ಅವ್ವ ಮಜ್ಜಿಗೆ ಕಡೆಯುವಾಗ ಬೆಣ್ಣೆ ಯಾಕೆ ಬೇರೆಯಾಗುತ್ತದೆ, ಬೀಸುವ ಕಲ್ಲಿನ ಗೂಟವನ್ನು ಅಂಚಿಗೇ ಯಾಕೆ ಹೂಡುತ್ತಾರೆ, ಬಾವಿಯ ಗಾಲಿಗೆ ಎಣ್ಣೆ ಬಿಟ್ಟರೆ ಆಯಿಯ ಬೈಗುಳ ಯಾಕೆ ಕಡಿಮೆಯಾಗುತ್ತದೆ, ಎಲ್ಲಕ್ಕೂ ಅವನ ಹತ್ತಿರ ಕಾರಣ ಇತ್ತು. ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತು ಸುಮ್ಮನೆ ನಿಂತ ಹೆಂಗಸು ವಿಜ್ಞಾನದ ಪ್ರಕಾರ ಏನೂ ಕೆಲಸ ಮಾಡುತ್ತಿರುವುದಿಲ್ಲ ಎಂದು ಅವನು ಒಮ್ಮೆ ಅವ್ವನ ಎದುರಿಗೇ ವಿವರಿಸಿದ. ಅವ್ವ ತಲೆಯ ಮೇಲಿನ ಕೊಡ ಇಳಿಸಿ ಅವನ ಕೈಗೆ ಕೊಟ್ಟಳು.

"ಹಂಗಾದ್ರ ಹಿಡೀರಿ. ನಾ ಬರೂ ತನಕ ಏನೂ ಕೆಲಸ ಮಾಡಬ್ಯಾಡ್ರಿ."

ಅವಳು ಬರಲು ಸಾಕಷ್ಟು ಹೊತ್ತು ಹಿಡಿಯಿತು. ಅಪ್ಪ ಆ ಮೇಲೆ ಆ ಉದಾಹರಣೆ ಕೊಡಲಿಲ್ಲ.

ಸಾರಿಗೆ ಮಣ್ಣು ಬಿದ್ದ ಮರುದಿನ ಅಪ್ಪ ಏಣಿ ಹತ್ತಿ ಮಾಳಿಗೆಯ ಒಂದು ಮೂಲೆಯಲ್ಲಿ ಕಡ್ಡಿ ಚುಚ್ಚಿ ಮಣ್ಣಿನ ದಪ್ಪ ಅಳೆದ. ಇಳಿದು ಬಂದು, ಹಳೆಯ ಉತ್ತರ ಪತ್ರಿಕೆಯೊಂದರ ಬೆನ್ನಿಗೆ ಉದ್ದ, ಅಗಲ, ದಪ್ಪ ಗುಣಿಸಿದ. ಎಷ್ಟಾಯಿತೆಂದು ನಾನು ಕೇಳಿದೆ. ಅವನು ಮುತ್ಯಾನಿಗೆ ಕೇಳುವಷ್ಟು ಗಟ್ಟಿಯಾಗಿ, ಆದರೆ ನನ್ನನ್ನೇ ನೋಡುತ್ತ ಹೇಳಿದ.

"ನಮ್ಮ ನೆತ್ತಿ ಮ್ಯಾಲ ಮೂರು ಆನಿ ನಿಂತಾವು, ಗಂಗಿ."

ಮುತ್ಯಾ ಹೊರಸಿನ ಮೇಲೆ ಮಗ್ಗುಲು ಬದಲಿಸಿದ.

"ನಿಂತಾವಲ್ಲೋ ಮಾಸ್ತರ? ನಡದಾಡಾಕತ್ತಿಲ್ಲಲ್ಲ? ನಿಂತ ಆನಿ ಏನ್ ಮಾಡ್ತೈತಿ?"

ಅಪ್ಪನಿಗೆ ಇದಕ್ಕೆ ಒಳ್ಳೆಯ ಉತ್ತರ ಗೊತ್ತಿತ್ತು. ನಿಂತ ಭಾರ ಬೇರೆ, ನಡೆಯುವ ಭಾರ ಬೇರೆ ಎಂದು ಅವನು ಪ್ರತಿ ವರ್ಷ ಹತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದ. ಗೋಡೆಗೆ ಮುಖ ಮಾಡಿ, "ಹೌದು" ಎಂದ.

ತಂದೆಗೆ ಎದುರು ಹೇಳಲಾರದವನು ಒಂದು ಸಾಕ್ಷಿ ಹುಡುಕಿದ. ಯುಗಾದಿಯ ಮರುದಿನ ಮಲಪ್ರಭೆಯ ದಂಡೆಯಿಂದ ಮುಷ್ಟಿ ಗಾತ್ರದ ಉರುಟು ಕಲ್ಲೊಂದನ್ನು ತಂದು, ದಾರ ಸುತ್ತಿ, ತೊಲೆಯ ನಟ್ಟನಡುವಿನಿಂದ, ಹೊರಸಿನ ಅಂಚಿಗೆ ತಾಗದಂತೆ ಇಳಿಬಿಟ್ಟ. ಕಲ್ಲಿನ ತಳಕ್ಕೂ ನೆಲಕ್ಕೂ ನಡುವೆ ಸರಿಯಾಗಿ ಎರಡು ಬೆರಳು ಅಂತರ. ತೊಲೆ ಬಾಗಿದರೆ ಕಲ್ಲು ಇಳಿಯುತ್ತದೆ, ಅಂತರ ಕಡಿಮೆಯಾಗುತ್ತದೆ. ಯಾರೂ ಮಾತಾಡಬೇಕಿಲ್ಲ, ಕಲ್ಲೇ ಹೇಳುತ್ತದೆ. ಪ್ರತಿ ಭಾನುವಾರ ಬೆಳಿಗ್ಗೆ ಅಡಿಪಟ್ಟಿ ಹಿಡಿದು ಆ ಅಂತರ ಅಳೆದು ನೋಟುಬುಕ್ಕಿನಲ್ಲಿ ಬರೆಯುವ ಅಧಿಕಾರ ನನಗೆ ಸಿಕ್ಕಿತು. ನಾನು ಕೆನ್ನೆಯನ್ನು ನೆಲಕ್ಕೆ ಹಚ್ಚಿ ಮಲಗಿ, ಒಂದು ಕಣ್ಣು ಮುಚ್ಚಿ ಅಳೆಯುತ್ತಿದ್ದೆ. ಮುತ್ಯಾ ಹೊರಸಿನ ಅಂಚಿನಿಂದ ತಲೆ ಇಳಿಸಿ ನೋಡುತ್ತಿದ್ದ.

"ಏನಂತೈತವಾ ನಿಮ್ಮಪ್ಪನ ಕಲ್ಲು?"

"ಒಂದ್ ಗೆರಿ ಇಳದೈತಿ ಮುತ್ಯಾ."

"ದಾರ ಹಿಗ್ಗೇತಿ. ಅರಿವಿ ದಾರ ಹಿಗ್ಗೂದ."

ಅಪ್ಪ ದಾರ ಬಿಚ್ಚಿ, ತನ್ನ ಸೈಕಲ್ಲಿನ ಬ್ರೇಕಿನ ತಂತಿ ತೆಗೆದು ಅದಕ್ಕೆ ಕಲ್ಲು ಕಟ್ಟಿ, ಮತ್ತೆ ಎರಡು ಬೆರಳು ಅಂತರಕ್ಕೇ ಇಳಿಬಿಟ್ಟ. ಆ ವರ್ಷವಿಡೀ ಅವನು ಹೈಸ್ಕೂಲಿನ ಇಳಿಜಾರಿನಲ್ಲಿ ಸೈಕಲ್ಲನ್ನು ಚಪ್ಪಲಿಯ ಅಟ್ಟೆಯಿಂದ ನಿಲ್ಲಿಸಿದ. ಘರ್ಷಣೆ ಎಂದರೇನೆಂದು ಹುಡುಗರಿಗೆ ತೋರಿಸಲಿಕ್ಕೆ ಬೇರೆ ಸಲಕರಣೆ ಬೇಕಾಗಲಿಲ್ಲ. ತಂತಿ ಹಿಗ್ಗುವಂಥದಲ್ಲ. ಆದರೂ ಎರಡು ಭಾನುವಾರ ಕಳೆಯುವುದರೊಳಗೆ ಕಲ್ಲು ಮತ್ತೊಂದು ಗೆರೆ ಇಳಿಯಿತು. ಈ ಸಲ ಮುತ್ಯಾ ಎದ್ದು ಕೂತು, ವಿಭೂತಿಯ ಹಣೆ ತಿಕ್ಕಿಕೊಂಡು, ಬಹಳ ಹೊತ್ತು ವಿಚಾರ ಮಾಡಿ ತೀರ್ಪು ಕೊಟ್ಟ.

"ತೊಲಿ ಇಳದಿಲ್ಲ. ನೆಲ ಏರೇತಿ."

ಇದು ನಗುವ ಮಾತಾಗಿರಲಿಲ್ಲ. ಅವ್ವ ಪ್ರತಿ ಸೋಮವಾರ ಪಡಸಾಲೆಯನ್ನು ಸೆಗಣಿಯಿಂದ ಸಾರಿಸುತ್ತಿದ್ದಳು. ಅವಳಿಗಿಂತ ಮೊದಲು ಆಯಿ ಸಾರಿಸಿದ್ದಳು. ಪದರದ ಮೇಲೆ ಪದರ ಬಿದ್ದು ನೆಲ ಎತ್ತರವಾಗಿದ್ದು ಖರೇನೇ. ಹೊಸ್ತಿಲು ಮೊದಲಿನಷ್ಟು ಎತ್ತರ ಉಳಿದಿರಲಿಲ್ಲ. ಒಂದು ವಸ್ತು ಚಲಿಸಿತು ಎನ್ನಬೇಕಾದರೆ ಯಾವುದಕ್ಕೆ ಹೋಲಿಸಿ ಎಂದು ಮೊದಲು ಹೇಳಬೇಕು, ಇದು ಅಪ್ಪನೇ ಕಲಿಸುತ್ತಿದ್ದ ಪಾಠ. ಅದನ್ನೇ ಮುತ್ಯಾ ಸಾಲೆಯ ಮೆಟ್ಟಿಲು ಹತ್ತದೆ ಹೊರಸಿನ ಮೇಲೆ ಕೂತು ಕಂಡುಹಿಡಿದಿದ್ದ. ಉತ್ತರ ಕೊಟ್ಟವಳು ಅವ್ವ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

"ಮಾವಾರ, ಮನಿ ಬೀಳಾಕತ್ತಿದ್ದು ನಾ ಸಾರಿಸಿದ್ದಕ್ಕ ಅಂತ ನನ್ನ ಕೊಳ್ಳಿಗೆ ಕಟ್ಟಬ್ಯಾಡ್ರಿ. ಇವತ್ತಿನಿಂದ ಸಾರಸಂಗಿಲ್ಲ ಬಿಡ್ರಿ. ಯಾವುದು ಏರ್ತೈತಿ, ಯಾವುದು ಇಳಿತೈತಿ, ನೋಡೇಬಿಡೂಣು."

ಅವಳು ಒಂದು ತಿಂಗಳು ಪಡಸಾಲೆ ಸಾರಿಸಲಿಲ್ಲ. ನೆಲ ಬಿರುಕು ಬಿಟ್ಟಿತು, ಧೂಳು ಎದ್ದಿತು, ಬಂದವರು ಚಪ್ಪಲಿ ಬಿಡಬೇಕೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತು ಯೋಚಿಸುವಂತಾಯಿತು. ಕಲ್ಲು ಆ ತಿಂಗಳಲ್ಲೂ ಇಳಿಯಿತು. ನಾನು ನೋಟುಬುಕ್ಕನ್ನು ಮುತ್ಯಾನ ಮುಂದೆ ಹಿಡಿದೆ. ಅವನಿಗೆ ಓದಲು ಬರುತ್ತಿರಲಿಲ್ಲ. ಅಂಕಿಗಳ ಮೇಲೆ ಬೆರಳು ಓಡಿಸಿ, "ಧೂಳು ಕುಂತೈತಿ" ಎಂದ. ಅವ್ವ ಮರು ಸೋಮವಾರ ಬುಟ್ಟಿ ತುಂಬ ಸೆಗಣಿ ತಂದು, ಯಾರ ಮುಖವನ್ನೂ ನೋಡದೆ ಸಾರಿಸಿದಳು.

ಆಯಿಗೆ ಕಲ್ಲಿನಲ್ಲೂ ನಂಬಿಕೆ ಇರಲಿಲ್ಲ, ಗಂಡನ ವಾದದಲ್ಲೂ ಇರಲಿಲ್ಲ. ಅವಳು ಶನಿವಾರಕ್ಕೊಮ್ಮೆ ತುಳಸಿಗೇರಿಗೆ ಹೋಗಿ ಹನಮಪ್ಪನಿಗೆ ಬೇಡಿಕೊಂಡಳು. "ಗುಡ್ಡಾ ಎತ್ತಿದಾಂವ ಒಂದು ತೊಲಿ ಹಿಡಿಯಂಗಿಲ್ಲೇನು?" ಎಂದು ನಮ್ಮೆಲ್ಲರ ಹುಡುಗಾಟವನ್ನು ಒಂದೇ ಮಾತಿನಲ್ಲಿ ಮುಗಿಸಿದಳು. ಆದರೆ ಮೂರನೆಯ ಶನಿವಾರ ಅಲ್ಲಿಂದ ಬಂದವಳು ಬಡಿಗ ಕಾಳಪ್ಪನನ್ನೂ ಕರೆದುಕೊಂಡು ಬಂದಳು. ದೇವರಿಗೂ ಒಂದು ಕೈ ಸಹಾಯ ಇರಲಿ ಎಂದಿರಬೇಕು.

ಕಾಳಪ್ಪ ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ತೊಲೆಯ ಕೆಳಗೆ ಆ ಕಡೆಯಿಂದ ಈ ಕಡೆಗೆ ಎರಡು ಸಲ ನಡೆದ. ಬಾಚಿಯ ಹಿಡಿಯಿಂದ ತೊಲೆಗೆ ಬಡಿದು ಕಿವಿಗೊಟ್ಟ. ಹೊರಗೆ ಹೋಗಿ ಉಗುಳಿ ಬಂದ.

"ಯಜಮಾನ್ರ, ನಡುವ ಒಂದು ಕಂಬ ಕೊಡ್ರಿ. ಇಲ್ಲಾಂದ್ರ ಮ್ಯಾಲಿನ ಮಣ್ಣ ಅರ್ಧಾ ಕೆರಸ್ರಿ. ಎರಡೂ ಬ್ಯಾಡ ಅಂದ್ರ ಹೊರಸರ ಸರಸ್ರಿ."

"ಕಂಬ ಎದಕ್ಕೋ? ನನ್ನ ಮನಿ ಕೋಲು ಊರಿಕೊಂಡು ನಿಲ್ಲೂದು ನಾ ಇರೂ ತನಕ ಆಗೂದಿಲ್ಲ."

ಮುತ್ಯಾ ಸ್ವತಃ ಕೋಲು ಹಿಡಿಯದ ಮನುಷ್ಯ. ಮೊಣಕಾಲು ಹಿಡಿದುಕೊಂಡು, ಗೋಡೆ ಹಿಡಿದುಕೊಂಡು, ನನ್ನ ಹೆಗಲು ಹಿಡಿದುಕೊಂಡು ನಡೆಯುತ್ತಿದ್ದ, ಆದರೆ ಕೋಲು ಹಿಡಿಯುತ್ತಿರಲಿಲ್ಲ. ಮಣ್ಣು ಕೆರೆಯುವ ಮಾತಿಗೂ ಹೊರಸಿನ ಮಾತಿಗೂ, ಇದ್ದ ಜಾಗದಲ್ಲೇ ಇನ್ನಷ್ಟು ಗಟ್ಟಿಯಾಗಿ ಕೂತ. ಆದರೂ ಅಪ್ಪ ಅಂದು ಧೈರ್ಯ ಮಾಡಿದ. ಕಾಳಪ್ಪ ಹೋಗುವಾಗ ಅವನ ಹಿಂದೆಯೇ ಓಣಿಯ ತಿರುವಿನವರೆಗೆ ಹೋಗಿ ಪಿಸುಮಾತಿನಲ್ಲಿ ಕಂಬ ಮಾಡಲು ಹೇಳಿ ಬಂದ. ನೆಲದಿಂದ ತೊಲೆಯ ತಳದವರೆಗೆ ಅಳತೆ ಕೊಟ್ಟವಳು ನಾನೇ. ವಾರದಲ್ಲಿ ಕಂಬ ಬಂತು, ಜಾಲಿಯದು. ಮುತ್ಯಾ ಅದನ್ನು ನೋಡಿ ಏನೆಂದು ಕೇಳಲಿಲ್ಲ. ಅದು ಹಿತ್ತಲಿನಲ್ಲಿ ಗೋಡೆಗೆ ಆತು ನಿಂತಿತು. ಆಯಿ ಅದರ ಮೇಲೆ ಕೌದಿ ಒಣಹಾಕಿದಳು.

ಆ ವರ್ಷವೂ ಸವಳು ಹಾಕಿದರು. ವಿಭೂತಿ, ಮೊದಲ ಬುಟ್ಟಿ, ಮಾದಲಿ, ತುಪ್ಪ. ಅಪ್ಪ ಪ್ರತಿಯೊಂದು ಬುಟ್ಟಿ ಏಣಿ ಏರುವಾಗಲೂ ಗೋಡೆಗೆ ಏನೋ ಹೇಳುತ್ತಿದ್ದ. ಮರುದಿನ ಅಳೆದೆ. ಎರಡು ಬೆರಳಿನಲ್ಲಿ ಒಂದೇ ಉಳಿದಿತ್ತು. ಅಂದಿನಿಂದ ನನಗೊಂದು ಅಭ್ಯಾಸ ಹತ್ತಿತು, ಇಂದಿಗೂ ಬಿಟ್ಟಿಲ್ಲ: ಯಾವ ಮನೆಗೆ ಹೋದರೂ ಮೊದಲು ಮೇಲೆ ನೋಡುತ್ತೇನೆ. ಬಾಗಲಕೋಟೆಯಲ್ಲಿ ಸಿಮೆಂಟಿನ ಚಾವಣಿಯ ಕೆಳಗೆ ಇಷ್ಟು ವರ್ಷ ಬಾಳಿದರೂ ಹೋಗಿಲ್ಲ. ನೆಂಟರು ಇದನ್ನು ಜಂಬ ಎಂದುಕೊಂಡಿದ್ದಾರೆ.

ಮಳೆ ಮುಂದಿನ ವಾರ ಹಿಡಿಯಿತು. ನಮ್ಮ ಕಡೆಯ ಮಳೆ ಬಂದರೆ ಒಂದು ಗಳಿಗೆ ಬಡಿದು ಹೋಗುವಂಥದು. ಅದು ಮೂರು ದಿನ ಬಿಡದೆ ಸುರಿಯಿತು. ಒಣ ಮಣ್ಣಿಗಿಂತ ಹಸಿ ಮಣ್ಣು ಭಾರ ಎಂಬುದನ್ನು ಹೇಳಲಿಕ್ಕೆ ಮಾಸ್ತರನ ಅಗತ್ಯ ಇರಲಿಲ್ಲ. ಮಾಳಿಗೆ ಎರಡು ಕಡೆ ಸೋರಿತು. ಅವ್ವ ಒಂದು ಕಡೆ ಹಿತ್ತಾಳೆಯ ಬೋಗುಣಿ, ಇನ್ನೊಂದು ಕಡೆ ಅಲ್ಯೂಮಿನಿಯಂ ಪಾತ್ರೆ ಇಟ್ಟಳು. ಟಿಣ್, ಟಪ್, ಟಿಣ್, ಟಪ್. ಆ ಸದ್ದಿನ ನಡುವೆ ಒಮ್ಮೊಮ್ಮೆ ತೊಲೆಯ ಒಳಗಿನಿಂದ ಬೆರಳು ನೆಟಿಕೆ ಮುರಿದಂಥ ಸದ್ದು. ಆಗ ಎಲ್ಲರೂ ಮಾತು ನಿಲ್ಲಿಸುತ್ತಿದ್ದೆವು. ಆಮೇಲೆ ಎಲ್ಲರೂ ಒಟ್ಟಿಗೇ ಬೇರೆ ಏನಾದರೂ ಮಾತಾಡುತ್ತಿದ್ದೆವು. ಅಪ್ಪ, ಅವ್ವ, ಆಯಿ ಮತ್ತು ನಾನು ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಉಣ್ಣತೊಡಗಿದೆವು. ಮುತ್ಯಾ ಒಬ್ಬನೇ ಪಡಸಾಲೆಯಲ್ಲಿ, ಹೊರಸಿನ ಮೇಲೆ ತಾಟು ಇಟ್ಟುಕೊಂಡು. ಶುಕ್ರವಾರ ಅವನಿಗೆ ರೊಟ್ಟಿ ಕೊಡಲು ಹೋದವಳು ತಾಟು ಹಿಡಿದು ನಿಂತೇಬಿಟ್ಟೆ.

"ಯಾಕವಾ, ಮತ್ತ ನಿಮ್ಮಪ್ಪನ ಕಲ್ಲು ಏನರ ಅಂತೇನು?"

"ಕಲ್ಲು ಅಲ್ಲ ಮುತ್ಯಾ. ನನಗ ಅಂಜಿಕಿ ಬರಾಕತ್ತೈತಿ. ನೀ ಇಲ್ಲೇ ಮಲಗ್ತಿ."

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಮೇಲೆ ನೋಡಿದ. ಅವನು ಮೇಲೆ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಬಹಳ ಹೊತ್ತು ನೋಡಿ, ಒಂದು ತುತ್ತು ನನ್ನ ಬಾಯಿಗಿಟ್ಟ.

"ಅಂಜಬ್ಯಾಡ. ಸೋಮವಾರ ಚಲೋ ದಿನ ಐತಿ. ನಿಮ್ಮಪ್ಪಗ ಹೇಳು, ಹಿತ್ತಲದಾಗ ಕೌದಿ ಒಣಹಾಕಾಕ ತಂದಾನಲ್ಲ, ಆ ಕಂಬ ಸೋಮವಾರ ನಿಲ್ಲಸಲಿ."

ನಾನು ಓಡಿ ಹೋಗಿ ಹೇಳಿದೆ. ಅಪ್ಪ ಸೋಮವಾರದವರೆಗೆ ಕಾಯಲಾರದೆ ಕಂಬವನ್ನು ಒಳಗೆ ತಂದು, ಮುತ್ಯಾನ ಕಾಲ ಹತ್ತಿರ ನಿಲ್ಲಿಸಿ ನೋಡಿದ. ನಿಲ್ಲಲಿಲ್ಲ. ಕಂಬ ಒಂದು ಬೆರಳಿಗಿಂತ ಹೆಚ್ಚು ಉದ್ದವಾಗಿತ್ತು. ನಾನು ಅಳತೆ ಕೊಟ್ಟಾಗ ತೊಲೆ ಇದ್ದ ಎತ್ತರ ಬೇರೆ, ಈಗ ಇರುವ ಎತ್ತರ ಬೇರೆ. ತೊಲೆ ಇಳಿದದ್ದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ, ಆದರೆ ಆ ಸಾಕ್ಷಿಯಿಂದ ತೊಲೆಗೆ ಆಸರೆ ಕೊಡಲು ಬರುತ್ತಿರಲಿಲ್ಲ. ನೆಲ ಅಗೆದು ಕೂಡಿಸೋಣ ಎಂದ ಅಪ್ಪ. ಅಗೆದರೆ ಗೇಣು ಕೆಳಗೆ ಹಾಸುಬಂಡೆ ಇದೆ, ಅಲ್ಲಿಯವರೆಗಿನ ಹಸಿ ಮಣ್ಣು ಕುಸಿದು ಕಂಬವೇ ಜಾರುತ್ತದೆ ಎಂದ ಮುತ್ಯಾ, ಮತ್ತು ಅದು ಸರಿಯಾದ ಮಾತು. ಹೆಚ್ಚಾದಷ್ಟನ್ನು ಕೊಯ್ಯಬೇಕು, ಅಷ್ಟೆ. ಕಾಳಪ್ಪ ಇಳಕಲ್ಲಿಗೆ ಮದುವೆಗೆ ಹೋಗಿದ್ದ, ಸೋಮವಾರ ಬರುವವನು. ಅಪ್ಪ ಅವನ ಮನೆಯಿಂದ ಗರಗಸ ತಂದು ಶನಿವಾರವೆಲ್ಲ ಹಿತ್ತಲಿನಲ್ಲಿ ಮಳೆಯಲ್ಲೇ ಕೊಯ್ದ. ಜಾಲಿ ಹಸಿಯಾಗಿತ್ತು, ಗರಗಸ ಸಿಕ್ಕಿಹಾಕಿಕೊಂಡಿತು. ಘರ್ಷಣೆಯ ಬಗ್ಗೆ ಅವನಿಗಿದ್ದ ಜ್ಞಾನವೆಲ್ಲ ಸಾಲದೆ ಬಂತು. ಕೊನೆಗೆ ಒಂದು ಮಗ್ಗುಲು ಕೊಯ್ದಾಯಿತು, ಇನ್ನೊಂದು ಉಳಿಯಿತು. ನಿಲ್ಲಿಸಿದರೆ ಕಂಬ ಕುಡಿದವನ ಹಾಗೆ ವಾಲುತ್ತಿತ್ತು. ಆಯಿ ಬಾಗಿಲಲ್ಲಿ ನಿಂತು ನೋಡಿದಳು.

"ಬಿಡು ನಮ್ಮಪ್ಪ. ಕಾಳ್ಯಾ ಬರಲಿ."

ಭಾನುವಾರ ಬೆಳಿಗ್ಗೆ ಮಳೆ ಹೊಳವಾಯಿತು. ಮೂರು ದಿನದ ಮೇಲೆ ಬಿಸಿಲು ಬಿತ್ತು, ಎಮ್ಮೆಯೂ ಸಂತೋಷದಿಂದ ಕೂಗಿತು. ಮುತ್ಯಾ ಎದ್ದು, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಸೋರಿದ ಎರಡು ಕಡೆಗೂ ಒಂದೊಂದು ಬುಟ್ಟಿ ಸವಳು ಹಾಕಿ ತುಳಿದು ಬರುತ್ತೇನೆ ಎಂದ. ಅಪ್ಪ ಹಿತ್ತಲಿನಲ್ಲಿ ಗರಗಸದ ಜೊತೆ ಇದ್ದ. ಅವ್ವ ಬೇಡ ಎಂದಳು, ಆಯಿ ಬೇಡ ಎಂದಳು.

"ಗೋಡಿ ಗುಂಟ ಹೊಕ್ಕೇನಿ, ಗೋಡಿ ಗುಂಟ ಬರ್ತೇನಿ. ನಡುವ ಕಾಲ ಇಡಂಗಿಲ್ಲ. ಆನಿ ಲೆಕ್ಕ ನನಗೂ ಬರ್ತೈತಿ" ಎಂದ. ಇದನ್ನು ಅವನು ಅಪ್ಪನಿಗೆ ಕೇಳಿಸುವ ಹಾಗೆ ಹೇಳಿದ. ಅದು ಅವನ ಕಡೆಯಿಂದ ಒಂದು ರೀತಿಯ ರಾಜಿ. ಏಣಿ ಹತ್ತಿದ. ತಲೆಯ ಮೇಲೆ ಅವನ ಹೆಜ್ಜೆ ಗೋಡೆಯ ಮಗ್ಗುಲಿಗೇ ಕೇಳುತ್ತಿತ್ತು. ನಾನು ಪಡಸಾಲೆಯ ತುದಿಯ ಕಂಬದ ಹತ್ತಿರ ನಿಂತು ಕೇಳುತ್ತಿದ್ದೆ. ಅವನು ಕೊಟ್ಟ ಮಾತನ್ನು ಅಳೆದಂತೆ ನಡೆಸುತ್ತಿದ್ದ.

ಭಾನುವಾರ ನನ್ನ ಅಳತೆಯ ದಿನ. ಅಡಿಪಟ್ಟಿ ತೆಗೆದುಕೊಂಡು ಹೋದೆ. ಕೆನ್ನೆ ನೆಲಕ್ಕೆ ಹಚ್ಚುವ ಅಗತ್ಯ ಬೀಳಲಿಲ್ಲ. ಕಲ್ಲು ನೆಲದ ಮೇಲೆ ಕೂತಿತ್ತು. ನೋಡುತ್ತಿದ್ದಂತೆ ಅದು ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿ ಮಲಗಿತು, ತಂತಿ ಸಡಿಲಾಗಿ ಬಾಗಿತು. ನಾನು ಹಿಂದೆ ಸರಿದು ಕಂಬವನ್ನು ಅಪ್ಪಿಕೊಂಡೆ. ಅಪ್ಪನನ್ನು ಕರೆಯಬೇಕಿತ್ತು. ಇಲ್ಲವೆ ಹೊರಗೆ ಓಡಿ ಏಣಿಯ ಬುಡಕ್ಕೆ ಹೋಗಿ ಹೇಳಬೇಕಿತ್ತು. ಹತ್ತು ವರ್ಷದ ನನಗೆ ಮುತ್ಯಾನಿಗೆ ಮೊದಲು ತಿಳಿಯಲಿ ಎನಿಸಿತು. ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಮೇಲಕ್ಕೆ ಕೂಗಿದೆ.

"ಮುತ್ಯಾ! ಕಲ್ಲು ನೆಲಕ್ಕ ಮುಟ್ಟೇತಿ!"

ಹೆಜ್ಜೆ ನಿಂತಿತು. ಅವನಿಗೆ ಕಿವಿ ಮಂದ.

"ಏನಂದೆವಾ?"

"ಕಲ್ಲು! ಮುತ್ಯಾ, ಇಳಿ!"

"ತಡಿ, ಕೇಳಸವಲ್ದು. ಬಂದೆ."

ಹೆಜ್ಜೆ ಗೋಡೆ ಬಿಟ್ಟು ಬಂತು. ಒಂದು, ಎರಡು, ಮೂರು. ಅವನು ಕೇಳಿಸಿಕೊಳ್ಳಲು ಬೆಳಕಿಂಡಿಯ ಕಡೆಗೆ ಬರುತ್ತಿದ್ದ. ನನಗೆ ಗೊತ್ತಾಯಿತು, ಬರಬೇಡ ಎಂದು ಕೂಗಿದೆ. ಕೂಗಿದಷ್ಟೂ ಅವನು ಬೇಗ ಬಂದ. ಮೇಲೆ ತಗಡು ಸರಿದ ಸದ್ದು. ಚೌಕಾಕಾರದ ಬೆಳಕಿನಲ್ಲಿ ಅವನ ಮುಖ ಕಾಣಿಸಿತು, ವಿಭೂತಿ ಹಚ್ಚಿದ ಹಣೆ, ಬಾಗಿ ನನ್ನನ್ನು ಹುಡುಕುವ ಕಣ್ಣು. "ಏನವಾ?" ಎಂದ. ನಾನು ಹೇಳುವ ಮೊದಲೇ ತೊಲೆ ಮುರಿಯಿತು.

ಸಿಡಿಲಿನಂಥ ಸದ್ದೇನೂ ಆಗಲಿಲ್ಲ. ತೊಲೆ ನಟ್ಟನಡುವೆ ಕೊಕ್ಕೆಯಂತೆ ಬಾಗಿ, ಎರಡೂ ತುದಿ ಕಂಬದ ಮೇಲೆ ಇದ್ದಂತೆಯೇ, ನಡು ಮಾತ್ರ ಕೆಳಗೆ ಬಂತು. ಅದರ ಹಿಂದೆ ಜಂತಿ, ಅದರ ಹಿಂದೆ ಅಷ್ಟು ವರ್ಷದ ಮಣ್ಣು, ಅವಸರವಿಲ್ಲದೆ, ದೊಡ್ಡ ಚೀಲದ ಬಾಯಿ ಬಿಚ್ಚಿದಂತೆ ಸುರಿಯಿತು. ಅದರೊಳಗೆ ಮುತ್ಯಾ ಬಾಗಿದ ಹಾಗೆಯೇ ಇಳಿದು ಬಂದ, ತನ್ನ ಹೊರಸಿಗೇ. ಕಂಬದ ಹತ್ತಿರ ನಾನು ಕಾಲುಗಂಟಿನವರೆಗೆ ಮಣ್ಣಿನಲ್ಲಿದ್ದೆ. ಅಪ್ಪ ಹಿತ್ತಲಿನಿಂದ ಬಂದ, ಕೈಯಲ್ಲಿ ಗರಗಸ. ಅದನ್ನು ಕೆಳಗಿಡುವುದು ಅವನಿಗೆ ಬಹಳ ಹೊತ್ತು ನೆನಪಾಗಲಿಲ್ಲ. ಓಣಿಯವರು ಸಲಿಕೆ, ಬುಟ್ಟಿ, ಬರಿಗೈ, ಏನು ಸಿಕ್ಕಿತೋ ಅದರಿಂದ ಬಗೆದರು. ಮುಖ ಸಿಕ್ಕಾಗ ಅವನಿಗೆ ಉಸಿರಿತ್ತು. ಆಯಿ ಸೆರಗಿನಿಂದ ಅವನ ಬಾಯಿ ಒರೆಸಿದಳು. ಅವನು ಕಣ್ಣು ತೆರೆದು, ಸುತ್ತಲಿನವರನ್ನು ದಾಟಿ ನನ್ನನ್ನು ಹುಡುಕಿದ.

"ಗಂಗವ್ವಾ, ನೆಲ ಏರಿಲ್ಲ ಬಿಡು" ಎಂದ. "ತೊಲೀನ ಇಳದೈತಿ."

ಬಾಗಲಕೋಟೆಯ ದವಾಖಾನೆಗೆ ಟೆಂಪೋದಲ್ಲಿ ಒಯ್ದರು. ಅಲ್ಲಿ ಬಂದ ನೆಂಟರೆಲ್ಲ ಒಂದೇ ಪ್ರಶ್ನೆ ಕೇಳಿದರು: ಗೋಡೆ ಗುಂಟ ಹೋಗುತ್ತೇನೆ ಎಂದವನು ನಡುಮಾಳಿಗೆಗೆ ಯಾಕೆ ಬಂದೆ? ನಾನು ಹಾಸಿಗೆಯ ಕಾಲ ಹತ್ತಿರ ನಿಂತು ನೆಲ ನೋಡುತ್ತಿದ್ದೆ. ಅಪ್ಪನೂ ಉತ್ತರಕ್ಕಾಗಿ ಅವನ ಮುಖ ನೋಡಿದ.

"ಬೆಳಕಿಂಡಿ ತಗಡು ವಾರಿ ಆಗಿತ್ತು. ಸರಿ ಮಾಡಾಕ ಹೋಗಿದ್ದೆ" ಎಂದ ಮುತ್ಯಾ.

ಆಮೇಲೆ ಯಾರು ಕೇಳಿದರೂ ಅದನ್ನೇ ಹೇಳಿದ. ಎತ್ತಿನ ಲೆಕ್ಕ ಬದಲಿಸುತ್ತಿದ್ದವನು ಈ ಒಂದು ಮಾತನ್ನು ಸಾಯುವ ತನಕ ಒಂದು ಅಕ್ಷರವೂ ಬದಲಿಸಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ. ನನ್ನ ಮಕ್ಕಳು ನನ್ನನ್ನು ಮೆಲುದನಿಯವಳು ಎನ್ನುತ್ತಾರೆ. ಅಡುಗೆಮನೆಯಿಂದ ಯಾರನ್ನೂ ಕೂಗಿ ಕರೆಯುವುದಿಲ್ಲ, ಎದ್ದು ಅವರಿದ್ದಲ್ಲಿಗೆ ಹೋಗಿ ಹೇಳುತ್ತೇನೆ. ಅದು ಒಳ್ಳೆಯ ಗುಣವೆಂದು ಅವರು ತಿಳಿದಿದ್ದಾರೆ.

ಕಾಳಪ್ಪ ಸೋಮವಾರ, ಅವನ ಜೀವನದಲ್ಲಿ ಮೊದಲ ಸಲ, ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಹಿತ್ತಲಿನಲ್ಲಿ ಮಲಗಿದ್ದ ಕಂಬವನ್ನು ನೋಡಿ, ಪಡಸಾಲೆಯಲ್ಲಿ ಮಲಗಿದ್ದ ತೊಲೆಯನ್ನು ನೋಡಿ, ತನ್ನ ಗರಗಸ ತೆಗೆದುಕೊಂಡು ಹೋದ. ಮಣ್ಣನ್ನು ಹೊರಹಾಕಲು ಒಂಬತ್ತು ದಿನ ಹಿಡಿಯಿತು. ಕೆಳಗಿನ ಪದರ ಬೇರೆ ಬಣ್ಣದ್ದಿತ್ತು. ಅಪ್ಪ ಅದನ್ನು ತಿಪ್ಪೆಗೆ ಹಾಕಗೊಡದೆ ಹಿತ್ತಲಿನಲ್ಲಿ ಹರಡಿಸಿದ. ಪಡಸಾಲೆಗೆ ತಗಡು ಹಾಕಿಸಿದರು. ತೊಲೆಯ ಉದ್ದನೆಯ ತುಂಡಿನಿಂದ ಮುತ್ಯಾನಿಗೆ ಒಂದು ಮಂಚ ಆಯಿತು. ಅವನು ಅದರ ಮೇಲೆ ಹನ್ನೊಂದು ವರ್ಷ ಬದುಕಿದ. ಮತ್ತೆ ನಡೆಯಲಿಲ್ಲ.